ಆಕ್ಷೇಪಣೆಗೆ 60 ದಿನ

ಕಾರವಾರ, 16 ನವೆಂಬರ್ 2025, ಭಾನುವಾರ

ನಗರ ಬೆಳೆಯುತ್ತಿರುವ ರೀತಿಯ ಬಗ್ಗೆ ಮಾತನಾಡಲು ನಮ್ಮ ವಾರ್ಡಿನವರು ಇಂದು ಬೆಳಿಗ್ಗೆ ದೇವಸ್ಥಾನದ ಸಭಾಭವನದಲ್ಲಿ ಸೇರಿದ್ದೆವು. ಮಳೆಗಾಲದಲ್ಲಿ ಅಂಗಳಕ್ಕೆ ನುಗ್ಗುವ ನೀರು, ಮಣ್ಣು ತುಂಬಿಸಿ ನಿವೇಶನ ಮಾಡಿದ ಗದ್ದೆಗಳು, ಅಗಲವಿಲ್ಲದ ರಸ್ತೆಯ ಬದಿಗೆ ಎದ್ದ ಅಪಾರ್ಟ್‌ಮೆಂಟುಗಳು, ಹೀಗೆ ದೂರುಗಳು ಬಹಳ ಹೊತ್ತು ನಡೆದವು. ಕೊನೆಗೆ, ಎಲ್ಲವನ್ನೂ ಸೇರಿಸಿ ಒಂದು ಮನವಿ ಬರೆದು ಅಧಿಕಾರಿಗಳಿಗೆ ಸಲ್ಲಿಸೋಣ ಎಂದು ಹಿರಿಯರೊಬ್ಬರು ಸೂಚಿಸಿದರು. ಅಷ್ಟರಿಂದ ಕೆಲಸ ಆಗುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ್ದನ್ನು ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಮನವಿ ಸಲ್ಲಿಸದ ದಿನವಿಲ್ಲ. ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಪರಿಶೀಲಿಸುವ ಭರವಸೆಯೂ ಬರುತ್ತದೆ, ಆದರೆ ಇಂತಿಷ್ಟು ದಿನದೊಳಗೆ ಕಾರಣ ಕೊಟ್ಟು ತೀರ್ಮಾನಿಸಲೇಬೇಕು ಎಂಬ ಕಟ್ಟುಪಾಡು ಅಂಥ ಪತ್ರಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ದಾರಿ ಬೇರೆ. ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ 60 ದಿನಗಳೊಳಗೆ ಯಾವ ನಾಗರಿಕರಾದರೂ ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದು, ಯೋಜನಾ ಪ್ರಾಧಿಕಾರವು ಅದನ್ನು ಪರಿಗಣಿಸಿದ ನಂತರವೇ ಯೋಜನೆಯನ್ನು ಸರ್ಕಾರಕ್ಕೆ ಮರಳಿ ಸಲ್ಲಿಸಬೇಕು. 10 ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಆ 60 ದಿನ ಕಳೆದ ಮೇಲೆ ಎಷ್ಟು ಜೋರಾಗಿ ಕೂಗಿದರೂ, ಅಷ್ಟರಲ್ಲಿ ಸಲ್ಲಿಸಿದ ಒಂದು ಹಾಳೆಗೆ ಇರುವ ತೂಕ ಆ ಕೂಗಿಗೆ ಬರುವುದಿಲ್ಲ.

ಕಾರವಾರಕ್ಕೆ ಈ ಮಾತು ಬೇರೆ ಊರುಗಳಿಗಿಂತ ಹೆಚ್ಚು ಅನ್ವಯಿಸುತ್ತದೆ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ ಇರುವಾಗ ನಗರ ಚಾಚಿಕೊಳ್ಳಲು ಉಳಿದಿರುವುದು ತಗ್ಗಿನ ಗದ್ದೆಗಳು ಮಾತ್ರ. ಗುಡ್ಡದಿಂದ ಇಳಿಯುವ ಮಳೆನೀರು ಈ ಗದ್ದೆಗಳಲ್ಲಿ ಹರಡಿ ನಿಂತು, ಹಳ್ಳ ಹಿಡಿದು ನಿಧಾನವಾಗಿ ಕಡಲು ಸೇರುತ್ತಿತ್ತು. ಉಬ್ಬರದ ಹೊತ್ತಿಗೆ ದೊಡ್ಡ ಮಳೆ ಸುರಿದರೆ ಹಳ್ಳದ ಬಾಯಿಯಲ್ಲಿ ಕಡಲ ನೀರೇ ಅಡ್ಡ ನಿಲ್ಲುವುದರಿಂದ, ಇಳಿತ ಬರುವವರೆಗೆ ಮಳೆನೀರಿಗೆ ತಂಗಲು ಜಾಗ ಬೇಕು. ಆ ಜಾಗಕ್ಕೆ ಮಣ್ಣು ತುಂಬಿದರೆ ನೀರು ಮನೆಗೆ ಬರುತ್ತದೆ, ಗಟಾರ ಎಷ್ಟು ಅಗಲ ಮಾಡಿದರೂ ಬರುತ್ತದೆ. ಜೆಸಿಬಿ ಬಂದ ದಿನ ನಾವು ಎಚ್ಚೆತ್ತುಕೊಳ್ಳುತ್ತೇವೆ, ಆದರೆ ಗದ್ದೆ ಹೋಗುವುದು ಅದಕ್ಕೆ ಎಷ್ಟೋ ಮೊದಲು, ನಕ್ಷೆಯಲ್ಲಿ ಕೃಷಿಯ ಹಸಿರು ಅಳಿದು ವಸತಿಯ ಹಳದಿ ಬಂದ ದಿನ.

ಹೋರಾಟವೇ ಬೇಡ ಎಂದು ನಾನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಕೆಲಸ ಆರಂಭವಾದಾಗ ಮೀನುಗಾರರು ಬೀದಿಗಿಳಿಯದೆ ಇದ್ದಿದ್ದರೆ ಆ ಕೆಲಸದಿಂದ ಟ್ಯಾಗೋರ್ ಕಡಲತೀರಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ರಾಜ್ಯಕ್ಕೆ ಕೇಳಿಸುತ್ತಲೇ ಇರಲಿಲ್ಲ. ಆದರೆ ಆ ವಿಷಯ ಹೈಕೋರ್ಟಿಗೆ ಹೋಯಿತು, ಮತ್ತು ನ್ಯಾಯಾಲಯದ ಮುಂದೆ ನಿಲ್ಲುವುದು ಕಡತ. ಕೈಗಾ ಅಣುವಿದ್ಯುತ್ ಸ್ಥಾವರದ ಐದು ಮತ್ತು ಆರನೇ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ನಡೆದಂಥ ಪರಿಸರ ಸಾರ್ವಜನಿಕ ಅಹವಾಲು ಸಭೆಗಳಿಗೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು ಒಂದು ಒಳ್ಳೆಯ ನಿಯಮ ಮಾಡಿದೆ. ಜನ ಹೇಳಿದ್ದರ ಸಾರಾಂಶವನ್ನು ಸಭೆಯ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ತಿಳಿಸಬೇಕು. ಅಂಥ ಸಭೆಗಳಿಗೆ ಹೋದವರು ಆ ಓದು ಮುಗಿಯುವವರೆಗೂ ಕುಳಿತಿರಬೇಕೆಂಬುದು ನನ್ನ ಆಗ್ರಹ. ನಾವು ಹೇಳಿದ್ದು ದಾಖಲೆಗೆ ಸೇರಿತೋ ಇಲ್ಲವೋ ಎಂದು ಕೇಳಿ ತಿಳಿಯುವ ಸಮಯ ಅದು.

ಇನ್ನು ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಸಭೆಯಲ್ಲಿ ಎಲ್ಲರ ಕೋಪವೂ ವಾರ್ಡಿನ ಸದಸ್ಯರ ಮೇಲೆ ತಿರುಗಿತು. ಇದು ಪೂರ್ತಿ ನ್ಯಾಯವಲ್ಲ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಹಾಗಿದ್ದರೂ ಮಾಸ್ಟರ್ ಪ್ಲಾನ್ ಮಾಡುವುದು ಸರ್ಕಾರ ನೇಮಿಸಿದ ಅಧ್ಯಕ್ಷರಿರುವ ಪ್ರಾಧಿಕಾರ. ಮತ ಹಾಕಿ ಕಳಿಸಿದವರ ಕೈಯಲ್ಲಿ ನಕ್ಷೆಯಿಲ್ಲ, ನಕ್ಷೆ ಕೈಯಲ್ಲಿರುವವರಿಗೆ ನಾವು ಮತ ಹಾಕಿಲ್ಲ. ವಾರ್ಡ್ ಸಮಿತಿಯನ್ನಾದರೂ ಕೇಳೋಣವೆಂದರೆ, 243-ಎಸ್ ವಿಧಿಯು ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಕಾರವಾರ, ಶಿರಸಿಯಂಥ 31 ವಾರ್ಡುಗಳ ಊರುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ನಿವಾಸಿಗಳಿಗೆ ಸಂವಿಧಾನವೇ ಕೊಟ್ಟ ವೇದಿಕೆ ಚಿಕ್ಕ ಊರಿನವರಿಗೆ ಏಕೆ ಬೇಡ ಎಂಬುದಕ್ಕೆ ನನಗೆ ಒಪ್ಪುವಂಥ ಉತ್ತರ ಎಲ್ಲಿಯೂ ಸಿಕ್ಕಿಲ್ಲ.

ಮೀನು ಮಾರುವ ಅಕ್ಕ ಒಬ್ಬರು ಕೊಂಕಣಿಯಲ್ಲಿ ಕೇಳಿದ್ದು ಇಡೀ ಸಭೆಯಲ್ಲೇ ಸರಿಯಾದ ಮಾತು. "ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು ಜನ ಬರಲಿಲ್ಲ ಎಂದು ಬರೆದುಕೊಂಡರೆ, ಆ ಹೊತ್ತಿಗೆ ಬುಟ್ಟಿ ಬಿಟ್ಟು ಬರುವವರು ಯಾರು?" ಎಂದರು. ಅವರ ಮನೆಯಿರುವುದು ಹಳ್ಳದ ಅಂಚಿನಲ್ಲಿ. ನೀರು ಮೊದಲು ಹೊಕ್ಕುವುದು ಅಲ್ಲಿಗೆ. ಸಭೆಯ ವೇಳೆಯನ್ನು ಕಚೇರಿಯ ಅನುಕೂಲಕ್ಕಲ್ಲದೆ ದುಡಿಯುವವರ ಅನುಕೂಲಕ್ಕೆ ಗೊತ್ತುಮಾಡಬೇಕು ಎಂಬುದನ್ನು ನಮ್ಮ ಮೊದಲ ಬೇಡಿಕೆಯಾಗಿ ಬರೆದುಕೊಂಡೆವು.

ಎರಡನೆಯದು ಕಾರಣ ಕೇಳುವುದು. ಮಾಹಿತಿ ಹಕ್ಕು ಎಂದರೆ 10 ರೂಪಾಯಿಯ ಅರ್ಜಿ ಎಂದಷ್ಟೇ ನಾವು ತಿಳಿದಿದ್ದೇವೆ. 2005ರ ಆ ಕಾಯಿದೆಯ 4ನೇ ಪ್ರಕರಣವು ಜನರನ್ನು ತಟ್ಟುವ ತೀರ್ಮಾನಗಳ ಸಂಬಂಧಿತ ವಿವರಗಳನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಕೊಡಬೇಕು ಎನ್ನುತ್ತದೆ. ಆಕ್ಷೇಪಣೆಯನ್ನು ತಳ್ಳಿಹಾಕುವುದಾದರೆ ಹಾಕಲಿ, ಏಕೆ ಎಂಬುದು ಬರಹದಲ್ಲಿ ಬರಲಿ. ಆ ಬರಹ ಕೈಗೆ ಬಂದರೆ ಮುಂದಿನ ವಾದಕ್ಕೆ ನೆಲೆ ಸಿಗುತ್ತದೆ.

ಆಕ್ಷೇಪಣೆಯಲ್ಲಿ "ನಮ್ಮ ಕಡೆ ನೀರು ನಿಲ್ಲುತ್ತದೆ" ಎಂದು ಬರೆದರೆ ಪ್ರಯೋಜನವಿಲ್ಲ, ಸರ್ವೆ ನಂಬರ್ ಬೇಕು, ಈ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗುರುತು ಬೇಕು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ನೆರೆಯವರೊಬ್ಬರು ಹಳ್ಳದ ಎರಡೂ ದಂಡೆಯ ಸರ್ವೆ ನಂಬರುಗಳ ಪಟ್ಟಿ ಮಾಡಿಕೊಡಲು ಒಪ್ಪಿದ್ದಾರೆ. ಗೋಡೆಗಳ ಮೇಲೆ ಇನ್ನೂ ಉಳಿದಿರುವ ನೀರಿನ ಗೆರೆಗಳನ್ನು, ಸುಣ್ಣ ಬಳಿಯುವ ಮೊದಲೇ, ಅಳೆದು ಚಿತ್ರ ತೆಗೆಯುವ ಕೆಲಸವನ್ನು ಕಾಲೇಜಿನ ಹುಡುಗಿಯರಿಬ್ಬರು ವಹಿಸಿಕೊಂಡಿದ್ದಾರೆ. ಮನವಿಯ ಮಾತೆತ್ತಿದ್ದ ಹಿರಿಯರು, ಪತ್ರಿಕೆಯಲ್ಲಿ ಬರುವ ಸಾರ್ವಜನಿಕ ಪ್ರಕಟಣೆಗಳನ್ನು ದಿನವೂ ಓದಿ, ನಮ್ಮ ಭಾಗದ ಭೂಬಳಕೆ ಬದಲಾವಣೆಯ ಸುದ್ದಿಯಿದ್ದರೆ ಕತ್ತರಿಸಿ ಇಡುವುದಾಗಿ ಹೇಳಿದ್ದಾರೆ. ಕರಡು ಯಾವಾಗ ಪ್ರಕಟವಾದರೂ 60 ದಿನಗಳ ಮೊದಲ ವಾರದಲ್ಲೇ ನಮ್ಮ ಹಾಳೆಗಳು ಕಚೇರಿಯಲ್ಲಿ ಇರಬೇಕು, ಸ್ವೀಕೃತಿಯ ಮೊಹರು ನಮ್ಮ ಪ್ರತಿಯ ಮೇಲೆ ಇರಬೇಕು.