ಜೀಪಿನ ವೈರಿಂಗ್ ಕೆಲಸ: ನಾಲ್ಕು ರಿಲೇ, ಕಕ್ಕಡದ ಮಳೆ

ಗಾಡಿ: ತೋಟಕ್ಕೂ ಮಡಿಕೇರಿಗೂ ಓಡಾಡುವ ಹಳೆ ಡೀಸೆಲ್ ಜೀಪು, 12 ವೋಲ್ಟ್. ಬೇಸಿಗೆಯಲ್ಲಿ ಹೆಡ್‌ಲೈಟ್, ಫಾಗ್ ಲ್ಯಾಂಪ್, ಹಾರ್ನ್ ಮೂರಕ್ಕೂ ಹೊಸ ವೈರ್ ಎಳೆದು, ಇಂಜಿನ್ ಹಿಂದಿನ ತಗಡಿನ ಮೇಲೆ ನಾಲ್ಕು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್) ಕೂರಿಸಿದ್ದಾಗಿತ್ತು: ಡಿಮ್‌ಗೊಂದು, ಬ್ರೈಟ್‌ಗೊಂದು, ಫಾಗ್‌ಗೊಂದು, ಹಾರ್ನ್‌ಗೊಂದು. ಏಪ್ರಿಲ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು, ಜುಲೈ-ಆಗಸ್ಟ್) ಹಿಡಿದು ಎರಡು ವಾರ ಸೂರ್ಯನ ಮುಖ ಕಾಣದೇ ಹೋದಾಗ ತೊಂದರೆಗಳು ಒಂದರ ಹಿಂದೊಂದು ಬಂದವು.

ಈಗಿನ ಪಟ್ಟಿ ಹೀಗಿದೆ. ಡಿಮ್ ಬೆಳಕು ಮಂಕು, ಗುಂಡಿಗೆ ಇಳಿದರೆ ಒಮ್ಮೊಮ್ಮೆ ಪೂರ್ತಿ ಹೋಗುತ್ತದೆ. ಫಾಗ್ ಲ್ಯಾಂಪ್ ಸ್ವಿಚ್ ಆಫ್ ಮಾಡಿದರೂ ಆರುವುದಿಲ್ಲ. ಹಾರ್ನ್ ಯಾರೂ ಮುಟ್ಟದೆ ತಾನಾಗಿ ಕೂಗುತ್ತದೆ, ಅದೂ ಮಳೆಯಲ್ಲಿ ಮಾತ್ರ. ಬ್ರೈಟ್ ಒಂದರ ಮೇಲೆ ದೂರಿಲ್ಲ.

ಮೊದಲ ಸುತ್ತು: ಮೇಜಿನ ಮೇಲೆ

ರಿಲೇಯ ಪಿನ್ನುಗಳಿಗೆ ಸಂಖ್ಯೆ ಇರುತ್ತದೆ: 85, 86 ಒಳಗಿನ ಕಾಯಿಲಿನವು, 30ಕ್ಕೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ, 87ರಿಂದ ಲೈಟಿಗೋ ಹಾರ್ನಿಗೋ ಹೋಗುತ್ತದೆ. ನಾಲ್ಕೂ ರಿಲೇ ಕಿತ್ತು ತಂದು 85, 86ರ ನಡುವೆ ಓಮ್ ನೋಡಲಾಯಿತು: 84, 86, 85, 91. 12 ವೋಲ್ಟ್ ರಿಲೇಗೆ 70ರಿಂದ 100 ಓಮ್ ಒಳಗೆ ಬಂದರೆ ಕಾಯಿಲ್ ಸರಿ. ಬ್ಯಾಟರಿ ಕೊಟ್ಟಾಗ ನಾಲ್ಕೂ ಟಿಕ್ ಎಂದವು. ಬಹಳ ಕಡೆ ಪರೀಕ್ಷೆ ಇಲ್ಲಿಗೇ ನಿಲ್ಲುತ್ತದೆ, "ರಿಲೇ ಓಕೆ" ಎಂದು ತೀರ್ಮಾನವೂ ಆಗಿಬಿಡುತ್ತದೆ. ಆದರೆ ಟಿಕ್ ಎಂಬ ಸದ್ದು ಕಾಯಿಲ್ ಬದುಕಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಒಳಗಿನ ಪಾಯಿಂಟ್ (ಕಾಯಿಲ್ ಎಳೆದಾಗ 30, 87ನ್ನು ಸೇರಿಸುವ ಲೋಹದ ತುದಿ) ಮೂಲಕ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದಕ್ಕೂ ಆ ಸದ್ದಿಗೂ ಸಂಬಂಧವಿಲ್ಲ.

ಹಾಗೆಯೇ, ಲೋಡ್ (ಕರೆಂಟ್ ಎಳೆಯುವ ಬಲ್ಬಿನಂಥದ್ದು) ಇಲ್ಲದೆ ಮೀಟರ್ ಹಿಡಿದು "87ರಲ್ಲಿ 12 ವೋಲ್ಟ್ ಬರ್ತಿದೆ" ಅನ್ನುವುದನ್ನೂ ನಂಬಬಾರದು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಕನಿಷ್ಠ 21 ವ್ಯಾಟ್ ಬ್ರೇಕ್ ಲೈಟ್ ಬಲ್ಬ್ ಒಂದನ್ನು ಲೋಡ್ ಆಗಿ ಕಟ್ಟಬೇಕು. ಗಾಡಿಯಲ್ಲೇ ನೋಡುವುದಾದರೆ ಲೈಟ್ ಹಾಕಿಯೇ ಅಳೆಯಬೇಕು.

ಡಿಮ್ ಲೈಟ್: 2.7 ವೋಲ್ಟ್ ಎಲ್ಲಿ ಹೋಯಿತು?

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.9. ಡಿಮ್ ಹಾಕಿ ಬಲ್ಬಿನ ಕನೆಕ್ಟರ್ ಹಿಂದಿನಿಂದ ಅಳೆದರೆ 11.2. ಇಷ್ಟು ವೋಲ್ಟ್ ಬಿದ್ದರೆ ಹ್ಯಾಲೊಜನ್ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಂಪಾಜೆ ಘಾಟಿಯ ಮಂಜಿನಲ್ಲಿ ಅರ್ಧ ಬೆಳಕು ಅಂದರೆ ರಸ್ತೆಯ ಅಂಚು ಕಾಣದು.

ಅಳೆಯುವ ಕ್ರಮ: ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಕಪ್ಪು ಕಡ್ಡಿ ಬಲ್ಬಿನ ಪ್ಲಸ್ ಮೇಲೆ. ಲೈಟ್ ಉರಿಯುತ್ತಿರಬೇಕು. ಬಂದದ್ದು 1.9 ವೋಲ್ಟ್. ಆಮೇಲೆ ಬಲ್ಬಿನ ಅರ್ತ್ ಮತ್ತು ಬ್ಯಾಟರಿ ಮೈನಸ್ ನಡುವೆ: 0.8. ಎರಡೂ ಸೇರಿ 2.7, ಲೆಕ್ಕ ಹೊಂದಿತು. ಲೆಕ್ಕ ಹೊಂದದಿದ್ದರೆ ಮುಂದೆ ಹೋಗದೆ ಮತ್ತೆ ಅಳೆಯುವುದು ಒಳ್ಳೆಯದು.

1.9ನ್ನು ಒಡೆದು ನೋಡಿದಾಗ ಬ್ಯಾಟರಿಯಿಂದ 30ನೇ ಪಿನ್ನಿನ ವೈರ್ ತನಕ 0.3, 87ರ ವೈರಿನಿಂದ ಬಲ್ಬ್ ತನಕ 0.3. ಉಳಿದ 1.3 ರಿಲೇ ಮತ್ತು ಅದರ ಸಾಕೆಟ್ ನಡುವೆ. ಇಲ್ಲಿಗೆ ಬಂದವರು ಸಾಮಾನ್ಯವಾಗಿ ರಿಲೇ ಬದಲಿಸುತ್ತಾರೆ. ತಡೆಯಿರಿ, ಇನ್ನೊಂದು ಅಳತೆ ಬಾಕಿ ಇದೆ. ರಿಲೇಯನ್ನು ಸಾಕೆಟ್‌ನಿಂದ ಎರಡು ಮೂರು ಮಿಲಿಮೀಟರ್ ಮೇಲಕ್ಕೆತ್ತಿದರೆ ಪಿನ್ನಿನ ಲೋಹ ಸ್ವಲ್ಪ ಕಾಣುತ್ತದೆ, ಸಂಪರ್ಕ ಮಾತ್ರ ಹಾಗೇ ಇರುತ್ತದೆ. ಮೀಟರಿನ ಕಡ್ಡಿಯನ್ನು ಆ ಲೋಹಕ್ಕೇ ತಾಗಿಸಬೇಕು. ರಿಲೇಯ 30 ಮತ್ತು 87 ಪಿನ್ನುಗಳ ನಡುವೆ 0.2 ವೋಲ್ಟ್ ಮಾತ್ರ. 87ರ ಪಿನ್ನಿಗೂ ಅದರ ವೈರಿಗೂ ನಡುವೆ 1.1!

ಅಂದರೆ ರಿಲೇ ಕೆಟ್ಟಿಲ್ಲ, ಸಾಕೆಟ್ಟಿನ ಲಗ್ (ವೈರಿನ ತುದಿಗೆ ಒತ್ತಿ ಕೂರಿಸಿದ, ಪಿನ್ನನ್ನು ಹಿಡಿಯುವ ಲೋಹದ ತುಂಡು) ಕೆಟ್ಟಿದೆ. ಎರಡು 55 ವ್ಯಾಟ್ ಬಲ್ಬಿಗೆ ಸುಮಾರು 9 ಆಂಪಿಯರ್ ಹರಿಯುವಾಗ 1.1 ವೋಲ್ಟ್ ಬಿದ್ದರೆ ಆ ಒಂದು ಲಗ್ ಮೇಲೆ ಹತ್ತಿರ ಹತ್ತಿರ 10 ವ್ಯಾಟ್ ಶಾಖ. ಸಾಕೆಟ್ ತೆಗೆದು ಬೆಳಕಿಗೆ ಹಿಡಿದಾಗ 87ರ ತೂತಿನ ಸುತ್ತ ಕಪ್ಪು ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ ಅಂಚು ಸ್ವಲ್ಪ ಕರಗಿತ್ತು. ಲಗ್ಗಿನ ಎರಡು ಕಿವಿ ಅಗಲವಾಗಿದ್ದವು, ಹಿಂಬದಿಯಲ್ಲಿ ವೈರ್ ಸೇರುವಲ್ಲಿ ಹಸಿರು ಕಿಲುಬು. ಒಂದು ಇಂಚು ಇನ್ಸುಲೇಷನ್ ಸುಲಿದರೆ ಒಳಗಿನ ತಾಮ್ರವೂ ಕಪ್ಪಾಗಿತ್ತು. ಕಪ್ಪಾದ ತಾಮ್ರದ ಮೇಲೆ ಹೊಸ ಲಗ್ ಒತ್ತಿದರೆ ಉಪಯೋಗವಿಲ್ಲ, ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಲೇಬೇಕು. ಇಲ್ಲಿ 7 ಸೆಂಟಿಮೀಟರ್ ಹೋಯಿತು.

ಹಾಕಿದ್ದು: ಹೊಸ ಸಾಕೆಟ್, ತವರ ಲೇಪಿಸಿದ 6.3 ಮಿ.ಮೀ. ಲಗ್, 2.5 ಚದರ ಮಿ.ಮೀ. ವೈರ್, 15 ಆಂಪಿಯರ್ ಫ್ಯೂಸ್. ಲಗ್ ಅನ್ನು ಸರಿಯಾದ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ, ಕೈಯಿಂದ ಜಗ್ಗಿ ನೋಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಲಾಯಿತು. ಬೆಸುಗೆ ಹಾಕಲಿಲ್ಲ. ತವರ ವೈರಿನೊಳಗೆ ಹೀರಿಕೊಂಡು ಎಳೆಗಳು ಗಟ್ಟಿಯಾಗುತ್ತವೆ, ತೋಟದ ದಾರಿಯ ಕುಲುಕಾಟಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ಅವು ತುಂಡಾಗುತ್ತವೆ.

ಅರ್ತ್ ಕಡೆಯ 0.8ಕ್ಕೆ ಕಾರಣ ಬಣ್ಣದ ಮೇಲೆ ಕೂರಿಸಿದ ಬೋಲ್ಟು. ಬಣ್ಣ ಕೆರೆದು, ಹಲ್ಲು ವಾಷರ್ ಹಾಕಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಲಾಯಿತು. ಎರಡೂ ಬಲ್ಬಿನ ಅರ್ತನ್ನು 2.5ರ ವೈರಿನಲ್ಲೇ ತಂದಿದೆ.

ಈಗಿನ ಅಳತೆ: ಬಲ್ಬ್ ಹತ್ತಿರ 13.3. ಪ್ಲಸ್ ಕಡೆ 0.4, ಅರ್ತ್ ಕಡೆ 0.2. ರಿಲೇಯನ್ನೂ ಬದಲಿಸಿದ್ದರಿಂದ ಪಾಯಿಂಟಿನಲ್ಲಿ 0.05 ಮಾತ್ರ ಬೀಳುತ್ತಿದೆ. ಹಳೆಯದರ 0.2 ಅಪಾಯದ ಅಳತೆಯಲ್ಲ, ಅದನ್ನು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ತುರ್ತಿಗೆಂದು ಇಟ್ಟಿದೆ. 0.3 ದಾಟಿದ ರಿಲೇಯನ್ನು ಇಟ್ಟುಕೊಳ್ಳುವುದೂ ಬೇಡ.

ಫಾಗ್ ಲ್ಯಾಂಪ್: ಅಂಟಿಕೊಂಡ ಪಾಯಿಂಟ್

ಸ್ವಿಚ್ ಆಫ್ ಮಾಡಿದಾಗ 86ರಲ್ಲಿ ಸೊನ್ನೆ ವೋಲ್ಟ್, ಆದರೂ ಲ್ಯಾಂಪ್ ಉರಿಯುತ್ತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇ ಮೇಲೆ ತಟ್ಟಿದರೆ ಆರುತ್ತದೆ. ಪಾಯಿಂಟ್ ವೆಲ್ಡ್ ಆಗಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ತಟ್ಟಿ ಬಿಡಿಸಿದ ರಿಲೇ ಮತ್ತೆ ಅಂಟುತ್ತದೆ, ಎಸೆಯಬೇಕು.

ಆದರೆ ಹೊಸದನ್ನು ಹಾಕುವ ಮೊದಲು ಅಂಟಿದ್ದು ಯಾಕೆ ಎಂದು ಹುಡುಕದಿದ್ದರೆ ಅದೂ ಅಂಟುತ್ತದೆ. ತಣ್ಣಗಿರುವ ಫಿಲಮೆಂಟ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿಗಿಂತ ಸುಮಾರು ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ. ಪಾಯಿಂಟ್ ಗಟ್ಟಿಯಾಗಿ ಒತ್ತಿ ಕೂತರೆ ತಡೆದುಕೊಳ್ಳುತ್ತದೆ, ಸಡಿಲವಾಗಿ ಕುಣಿದರೆ ಕಿಡಿ ಹಾರಿ ಕರಗಿ ಅಂಟುತ್ತದೆ. ಸ್ವಿಚ್ ಹಾಕಿ 85, 86ರ ನಡುವೆ ಅಳೆದಾಗ 8.6 ವೋಲ್ಟ್ ಮಾತ್ರ ಇತ್ತು. ರಿಲೇ ಎಳೆದುಕೊಳ್ಳಲು 7ರಿಂದ 8 ವೋಲ್ಟ್ ಸಾಕು, ಹಾಗಾಗಿ ಟಿಕ್ ಸದ್ದು ಬರುತ್ತಿತ್ತು, ಒತ್ತುವ ಬಲ ಮಾತ್ರ ಇರಲಿಲ್ಲ. ಉಳಿದ ವೋಲ್ಟನ್ನು ತಿನ್ನುತ್ತಿದ್ದದ್ದು ಡ್ಯಾಶ್‌ಬೋರ್ಡಿನ ಹಳೆ ಸ್ವಿಚ್, ಒಳಗೆಲ್ಲ ಕಿಲುಬು. ಸ್ವಿಚ್ ಬದಲಿಸಿದ ಮೇಲೆ ಕಾಯಿಲಿಗೆ 13.4 ಬರುತ್ತಿದೆ. ಕಾಯಿಲ್ ವೈರಿಗೆ 0.75 ಚದರ ಮಿ.ಮೀ. ಧಾರಾಳ ಸಾಕು, ಅದರಲ್ಲಿ ಹರಿಯುವುದು 150 ಮಿಲಿಆಂಪಿಯರಿನ ಆಸುಪಾಸು.

"ಬೆಳಗ್ಗೆ ಕೆಲಸ ಮಾಡುತ್ತದೆ, ಇಂಜಿನ್ ಬಿಸಿಯಾದ ಮೇಲೆ ಮಾಡುವುದಿಲ್ಲ" ಅನ್ನುವ ದೂರಿಗೂ ಇದೇ ಬೇರು. ಕಾಯಿಲಿನ ತಾಮ್ರ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಓಮ್ ಸುಮಾರು ಶೇಕಡ 23ರಷ್ಟು ಏರುತ್ತದೆ, ಎಳೆದುಕೊಳ್ಳಲು ಬೇಕಾದ ವೋಲ್ಟೂ ಅಷ್ಟೇ ಏರುತ್ತದೆ. 8.6 ವೋಲ್ಟಿನಲ್ಲಿ ತಣ್ಣಗಿದ್ದಾಗ ಎದ್ದ ರಿಲೇ ಬಿಸಿಯಲ್ಲಿ ಏಳುವುದಿಲ್ಲ.

ಹೊಸ ರಿಲೇ ಹಾಕುವಾಗ ಇನ್ನೊಂದು ತೊಡಕು ಬಂತು. ಸ್ವಿಚ್ ಹಾಕುವ ಮೊದಲೇ ಬಲಗಡೆ ಫಾಗ್ ಉರಿಯಿತು, ಸ್ವಿಚ್ ಹಾಕಿದರೆ ಬಲದ್ದು ಆರಿ ಎಡದ್ದು ಹೊತ್ತಿತು. ಐದು ಪಿನ್ನಿನ ರಿಲೇ ನೋಡಲು ಒಂದೇ ಥರ ಇದ್ದರೂ ಎರಡು ಜಾತಿ. ಒಂದರ ನಡು ಪಿನ್ ಇನ್ನೊಂದು 87, ಇನ್ನೊಂದರ ನಡು ಪಿನ್ 87ಎ. 87ಎ ರಿಲೇ ಸುಮ್ಮನಿರುವಾಗಲೇ 30ಕ್ಕೆ ಸೇರಿರುತ್ತದೆ. ನಮ್ಮ ಸಾಕೆಟ್ಟಿನ ನಡುವಿನಲ್ಲಿ ಬಲ ಲ್ಯಾಂಪಿನ ವೈರ್ ಇತ್ತು. ಅಂಗಡಿಯಲ್ಲೇ ಮೀಟರ್ ಇಟ್ಟು 30ಕ್ಕೂ ನಡು ಪಿನ್ನಿಗೂ ಕಂಟಿನ್ಯುಯಿಟಿ ನೋಡಿ, ಬೀಪ್ ಎಂದರೆ ಅದು 87ಎ. ಒಳಗೆ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಇರುವ ರಿಲೇ ಆದರೆ 86ಕ್ಕೇ ಪ್ಲಸ್ ಕೊಡಬೇಕು, ತಿರುಗಿಸಿ ಕೊಟ್ಟರೆ ಡಯೋಡ್ ಮೂಲಕ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಮುಚ್ಚಳದ ಮೇಲಿನ ಚಿತ್ರದಲ್ಲಿ ಗುರುತು ಇರುತ್ತದೆ.

ಹಾರ್ನ್

ಇದರಲ್ಲಿ 86ಕ್ಕೆ ಸದಾ ಬ್ಯಾಟರಿ, ಬಟನ್ ಒತ್ತಿದರೆ 85ಕ್ಕೆ ಅರ್ತ್. ರಿಲೇ ಕಿತ್ತು, ಬಟನ್ ಮುಟ್ಟದೆ ಸಾಕೆಟ್ಟಿನ 85ರಿಂದ ಬ್ಯಾಟರಿ ಮೈನಸಿಗೆ ಅಳೆದರೆ ಏನೂ ತೋರಿಸಬಾರದು. ಒದ್ದೆಯಾಗಿದ್ದಾಗ 40 ಓಮ್ ತೋರಿಸಿತು. 85 ಓಮ್ ಕಾಯಿಲಿಗೆ 40 ಓಮ್ ಸರಣಿಯಲ್ಲಿ ಸೇರಿದರೆ 12.6ರಲ್ಲಿ ಕಾಯಿಲಿಗೆ 8.5 ವೋಲ್ಟ್ ದಾಟುತ್ತದೆ, ಅಷ್ಟಕ್ಕೇ ಹಾರ್ನ್ ಕೂಗುತ್ತದೆ. ಸ್ಟಿಯರಿಂಗ್ ಕಂಬದ ಬುಡದಲ್ಲಿ ಬಟನ್ ವೈರ್ ಉಜ್ಜಿ, ಎಳೆಯೊಂದು ಕೆಸರು ತುಂಬಿದ ಕ್ಲಾಂಪಿಗೆ ತಾಗುತ್ತಿತ್ತು. ವೈರ್ ಬದಲಿಸಿ ರಬ್ಬರ್ ಗ್ರೊಮೆಟ್ ಹಾಕಿದ ಮೇಲೆ ಹಾರ್ನ್ ತಾನಾಗಿ ಕೂಗಿಲ್ಲ.

ಸಿಲಿಕೋನ್ ಬೇಡವೇ ಬೇಡ

ಮಳೆನೀರು ಹೋಗಬಾರದೆಂದು ಬೇಸಿಗೆಯ ಕೆಲಸದಲ್ಲಿ ರಿಲೇ ಮುಚ್ಚಳದ ಸಂದಿಗೂ ಸಾಕೆಟ್ಟಿಗೂ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಮೆತ್ತಲಾಗಿತ್ತು. ಕೊಡಗಿನಲ್ಲಿ ಈ ಅಭ್ಯಾಸ ಎಲ್ಲ ಕಡೆ ಕಾಣುತ್ತದೆ, ಉದ್ದೇಶವೂ ಒಳ್ಳೆಯದೇ. ಆದರೆ ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ಆವಿ: ರಿಲೇಯೊಳಗೆ ಸೇರಿದ ಸಿಲಿಕೋನ್ ಆವಿ ಪಾಯಿಂಟಿನ ಕಿಡಿಗೆ ಸುಟ್ಟು ಸಿಲಿಕಾ ಆಗುತ್ತದೆ, ಅದು ಕರೆಂಟ್ ಬಿಡದ ಗಾಜಿನ ಜಾತಿಯ ವಸ್ತು. ಅಂಟಿದ ಫಾಗ್ ರಿಲೇಯನ್ನು ಬಿಚ್ಚಿದಾಗ ಬೆಳ್ಳಿ ಪಾಯಿಂಟಿನ ನಡುವೆ ಕರಗಿದ ಗುಳಿ, ಸುತ್ತ ಬೂದು ಪುಡಿಯ ಉಂಗುರ ಕಂಡಿತು. ಇಂಥ ಪಾಯಿಂಟನ್ನು ಎಮರಿ ಕಾಗದದಿಂದ ಉಜ್ಜಬೇಡಿ. ಬೆಳ್ಳಿ ಸವೆದು, ಎಮರಿಯ ಕಣ ಅಲ್ಲೇ ಹೂತು ಉಳಿಯುತ್ತದೆ.

ಪೂರ್ತಿ ಮುಚ್ಚಿದರೂ ತೇವ ಒಳಗೆ ಹೋಗದೇ ಇರುವುದಿಲ್ಲ. ಕಾಯಿಲ್ ಬಿಸಿಯಾದಾಗ ಒಳಗಿನ ಗಾಳಿ ಸಂದಿಯಿಂದ ಹೊರಬರುತ್ತದೆ, ಗಾಡಿ ನಿಲ್ಲಿಸಿ ತಣ್ಣಗಾದಾಗ ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ನೀರು ನಿಲ್ಲದಂತೆ ಮಾಡುವುದೇ ದಾರಿ. ನಾಲ್ಕೂ ರಿಲೇಗಳನ್ನು ಈಗ ಪಿನ್ ಕೆಳಮುಖವಾಗಿ, ಚಕ್ರದ ಕೆಸರು ಎರಚದ ಎತ್ತರದಲ್ಲಿ ಕೂರಿಸಿದೆ. ಪ್ರತಿ ವೈರ್ ಸಾಕೆಟ್ಟಿಗೆ ಏರುವ ಮೊದಲು ಸ್ವಲ್ಪ ಕೆಳಗೆ ಜೋತು ಬೀಳುತ್ತದೆ, ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಸುತ್ತಿದ್ದ ಪಿವಿಸಿ ಟೇಪನ್ನೆಲ್ಲ ಬಿಚ್ಚಿ, ಸುಕ್ಕು ಪೈಪಿನೊಳಗೆ ವೈರ್ ಹಾಕಿ, ಪೈಪಿನ ತಗ್ಗಿನ ಜಾಗದಲ್ಲಿ 4 ಮಿ.ಮೀ. ತೂತು ಬಿಡಲಾಗಿದೆ. ಲಗ್ಗಿನ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಅಷ್ಟೇ.

ಬಾಕಿ

ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ) ಹಬ್ಬಕ್ಕೆ ಜೀಪು ತೊಳೆಯುವ ಮೊದಲು ನಾಲ್ಕೂ ಕಡೆಯ ವೋಲ್ಟ್ ಬೀಳುವಿಕೆಯನ್ನು ಮತ್ತೊಮ್ಮೆ ಅಳೆದು ಇಲ್ಲಿನ ಅಂಕಿಗಳ ಪಕ್ಕ ಬರೆಯಬೇಕು. ಗ್ಲೋ ಪ್ಲಗ್ (ತಣ್ಣಗಿರುವ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಪ್ಲಗ್) ರಿಲೇಯನ್ನು ಇನ್ನೂ ಮುಟ್ಟಿಲ್ಲ. ನಾಲ್ಕು ಪ್ಲಗ್ ಸೇರಿ 40 ಆಂಪಿಯರಿಗೂ ಹೆಚ್ಚು ಎಳೆಯುವುದರಿಂದ ಅಲ್ಲಿ 6.3ರ ಸಾಕೆಟ್ ನಡೆಯದು, 30 ಮತ್ತು 87ಕ್ಕೆ 9.5 ಮಿ.ಮೀ. ಪಿನ್ ಇರುವ 70 ಆಂಪಿಯರ್ ರಿಲೇ, 10 ಚದರ ಮಿ.ಮೀ. ವೈರ್ ಬೇಕು. ವೈರ್ ಬಂದಿದೆ, ಸಾಕೆಟ್ ಬರಬೇಕು.