ರಮ್ಯ ಅಂದರೆ ಚೆಂದ ಅಂದುಕೊಂಡಿದ್ದೆವು

ಇಂಗ್ಲಿಷಿನ ರೊಮ್ಯಾಂಟಿಕ್ ಕಾವ್ಯಕ್ಕೆ ಕನ್ನಡದಲ್ಲಿ ‘ರಮ್ಯ’ ಅಂತ ಹೆಸರಿಟ್ಟವರು ಯಾರೋ, ನಮ್ಮ ಬಿ.ಎ. ತರಗತಿಯ ಹನ್ನೊಂದು ಮಂದಿಯನ್ನು ಮಾತ್ರ ಚೆನ್ನಾಗಿ ದಾರಿ ತಪ್ಪಿಸಿದರು. ರಮ್ಯ ಅಂದರೆ ಹೂವು, ಹಕ್ಕಿ, ಬೆಳದಿಂಗಳು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡರೆ ಹೂವು ಹಕ್ಕಿ ನೋಡಿಕೊಂಡೇ ಪಾಸಾಗಬಹುದು ಎಂಬ ಲೆಕ್ಕದಲ್ಲಿ ನಾನು ಸೇರಿದ್ದು.

ಮೊದಲ ವರ್ಷ ಲೆಕ್ಕ ತಪ್ಪಲೂ ಇಲ್ಲ. ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್ ಪದ್ಯಕ್ಕೆ ಗೈಡಿನಲ್ಲಿ ಎರಡೂವರೆ ಪುಟದ ಉತ್ತರ ಸಿದ್ಧವಿತ್ತು. ಆ ಹೂವನ್ನು ನಮ್ಮಲ್ಲಿ ಕಂಡವರು ಯಾರೂ ಇರಲಿಲ್ಲ. ಬಂಗಾರದ ಬಣ್ಣ ಅಂದಮೇಲೆ ಚೆಂಡುಹೂವಿನ ಜಾತಿಯದೇ ಇರಬೇಕು ಅಂತ ನಾವೇ ತೀರ್ಮಾನಿಸಿ ಬಾಯಿಪಾಠ ಮಾಡಿದೆವು.

ಎರಡನೇ ವರ್ಷ ಪುನರ್ವಸು ಮಳೆ ಹಿಡಿದಿತ್ತು. ನಮ್ಮ ಕಡೆಯ ಮಳೆಯನ್ನು ಈ ಸಂಚಿಕೆ ಓದುವವರಿಗೆ ವರ್ಣಿಸಬೇಕಾಗಿಲ್ಲ. ಹೊಳೆ ತುಂಬಿ ಬಸ್ಸು ನಿಂತಿದ್ದರಿಂದ ಅವತ್ತು ಬಂದವರು ಐದೇ ಜನ. ಕರೆಂಟು ಹೋಗಿ ಮೂರನೆಯ ದಿನ. ಇಂಗ್ಲಿಷ್ ಮೇಷ್ಟ್ರು ಒದ್ದೆ ಕೊಡೆಯನ್ನು ಮೂಲೆಗೆ ಆನಿಸಿ, ಪಠ್ಯಪುಸ್ತಕ ಮುಚ್ಚಿಟ್ಟು, “ಇವತ್ತು ಪರೀಕ್ಷೆಗೆ ಬರದೇ ಇರೋದನ್ನ ಮಾತಾಡೋಣ” ಅಂದರು.

ಅವರು ಶುರುಮಾಡಿದ್ದು ಕಾವ್ಯದಿಂದಲ್ಲ, ಜ್ವಾಲಾಮುಖಿಯಿಂದ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಬೆಟ್ಟ ಸಿಡಿಯಿತು. ಅದು ಉಗುಳಿದ್ದು ಮೇಲೇರಿ ಬಿಸಿಲಿಗೆ ಅಡ್ಡ ನಿಂತು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು, ಜನ ಹಸಿದರು. ಆ 1816ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿ ಎಂಬ ಮನೆಯಲ್ಲಿ ಐದು ಜನ ಮಳೆಗೆ ಸಿಕ್ಕಿಬಿದ್ದಿದ್ದರು: ಕವಿ ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಶೆಲ್ಲಿ, ಅವನ ಜೊತೆಗಿದ್ದ ಮೇರಿ, ಅವಳ ಮಲತಂಗಿ ಕ್ಲೇರ್. ಎಲ್ಲರಿಗಿಂತ ಹಿರಿಯನಾದ ಬೈರನ್‌ಗೇ 28. ಮೇರಿಗೆ 18.

ಡ್ಯಾಫೋಡಿಲ್ ಅರ್ಥವಾಗದ ನಮಗೆ ಇದು ತಟ್ಟನೆ ಅರ್ಥವಾಯಿತು. ದಿನಗಟ್ಟಲೆ ಹೊರಗೆ ಕಾಲಿಡಲಾಗದ ಮಳೆಯಲ್ಲಿ ಮನೆಯೊಳಗೆ ಕುಳಿತವರು ಏನು ಮಾಡುತ್ತಾರೆ? ನಮ್ಮಲ್ಲಾದರೆ ಒಲೆಯ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಅಜ್ಜಿಯಿಂದ ಬ್ರಹ್ಮರಾಕ್ಷಸನ ಕಥೆ ಕೇಳುತ್ತಾರೆ. ಅವರೂ ಅದನ್ನೇ ಮಾಡಿದರು. ಜರ್ಮನ್ ದೆವ್ವದ ಕಥೆಗಳನ್ನು ಫ್ರೆಂಚಿನಲ್ಲಿ ಓದಿಕೊಂಡರು, ಆಮೇಲೆ ಬೈರನ್ “ನಾವೂ ಒಂದೊಂದು ಬರೆಯೋಣ” ಅಂದ. ಒಂದು ರಾತ್ರಿ ಅವನು ಕವಿ ಕೋಲ್‌ರಿಜ್‌ನ ‘ಕ್ರಿಸ್ಟಬೆಲ್’ ಎಂಬ ಭಯಹುಟ್ಟಿಸುವ ಪದ್ಯ ಓದುತ್ತಿದ್ದಾಗ ಶೆಲ್ಲಿ ಚೀರಿಕೊಂಡು ಕೋಣೆಯಿಂದ ಎದ್ದು ಓಡಿದ್ದನ್ನು ಪೊಲಿಡೋರಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬಾನಾಡಿಯ ಮೇಲೆ ಪದ್ಯ ಬರೆದ ಅದೇ ಶೆಲ್ಲಿ!

ಆ ಪಂದ್ಯದಿಂದ ಹುಟ್ಟಿದ್ದು ಎರಡು. ಪೊಲಿಡೋರಿಯ ‘ದಿ ವ್ಯಾಂಪೈರ್’ 1819ರಲ್ಲಿ ಬೈರನ್ನನ ಹೆಸರಿನಲ್ಲಿ ಅಚ್ಚಾಯಿತು, ಪಾಪ. ಸತ್ತವರ ಅಂಗಗಳಿಂದ ಒಬ್ಬ ಜೀವಿಯನ್ನು ಮಾಡಿ ಜೀವ ಕೊಡುವವನ ಕಥೆ, ಮೇರಿಯ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’, 1818ರಲ್ಲಿ ಯಾರ ಹೆಸರೂ ಇಲ್ಲದೆ ಬಂತು, 500 ಪ್ರತಿ.

ಇಲ್ಲಿಗೆ ಗಂಟೆ ಹೊಡೆಯಬೇಕಿತ್ತು. ಹೊಡೆಯುವ ಅಟೆಂಡರೂ ಬಂದಿರಲಿಲ್ಲ. ಹಾಗಾಗಿ ಮೇಷ್ಟ್ರು ಮುಂದುವರಿಸಿದರು, ಮತ್ತು ನಾನು ಮರೆಯಲಾಗದ ಭಾಗ ಶುರುವಾದದ್ದು ಆಗ.

ಮೇರಿ ಹುಟ್ಟಿದ ಹನ್ನೊಂದನೇ ದಿನಕ್ಕೆ ಅವಳ ತಾಯಿ ಬಾಣಂತಿ ಜ್ವರದಲ್ಲಿ ಸತ್ತಿದ್ದಳು. ಮೇರಿಯ ಮೊದಲ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಎರಡು ವಾರ ಕೂಡ ಉಳಿಯಲಿಲ್ಲ. 1815ರ ಮಾರ್ಚ್‌ನಲ್ಲಿ ಅವಳು ದಿನಚರಿಯಲ್ಲಿ ಒಂದು ಕನಸು ಬರೆದಳು: ಮಗು ಸತ್ತಿರಲಿಲ್ಲ, ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದೆವು, ಬದುಕಿತು. ಎಚ್ಚರವಾದರೆ ಮಗುವಿಲ್ಲ. “ಸತ್ತದ್ದಕ್ಕೆ ಜೀವ ಕೊಡುವ ಕಥೆ ಇವಳಿಗೆ ಎಲ್ಲಿಂದ ಬಂತು ಅಂತ ಎಲ್ಲರೂ ವಿಜ್ಞಾನದಲ್ಲಿ ಹುಡುಕ್ತಾರೆ” ಅಂದರು ಮೇಷ್ಟ್ರು. ಜಿನೀವಾದಲ್ಲಿ ಅವಳ ಮಡಿಲಲ್ಲಿದ್ದದ್ದು ಎರಡನೆಯ ಮಗು, ವಿಲಿಯಂ. ಕಾದಂಬರಿಯಲ್ಲಿ ಆ ಜೀವಿಯ ಕೈಯಲ್ಲಿ ಮೊದಲು ಸಾಯುವ ಪುಟ್ಟ ಹುಡುಗನ ಹೆಸರೂ ವಿಲಿಯಂ. ತೊಟ್ಟಿಲಲ್ಲಿ ಮಲಗಿರುವ ಸ್ವಂತ ಮಗನ ಹೆಸರನ್ನು ಹೆಣಕ್ಕೆ ಇಡುವ ತಾಯಿಯ ಭಯ ಎಂಥದ್ದಿರಬೇಕು! ಐದು ಜನರಲ್ಲಿ ಯಾರೂ ಉಸಿರೆತ್ತಲಿಲ್ಲ. 1819ರಲ್ಲಿ ರೋಮ್‌ನಲ್ಲಿ ಆ ವಿಲಿಯಮ್ಮನೂ ತೀರಿಕೊಂಡ ಎಂಬುದನ್ನು ಮೇಷ್ಟ್ರು ಅವತ್ತು ಹೇಳಲಿಲ್ಲ. ಮುಂದೆ ನಾನೇ ಓದಿಕೊಂಡೆ.

ನಾವು ಕೇಳಿ ಬಲ್ಲ ಫ್ರಾಂಕೆನ್‌ಸ್ಟೈನ್ ಸಿನಿಮಾದವನು, ಮಾತು ಬಾರದೆ ಗುರುಗುಟ್ಟುವವನು. ಪುಸ್ತಕದಲ್ಲಿ ಅದು ರಾಕ್ಷಸನ ಹೆಸರೇ ಅಲ್ಲ, ಅವನನ್ನು ಮಾಡಿದ ವಿಕ್ಟರ್‌ನದು. ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ. ಅವನು ಗುಡಿಸಲೊಂದರ ಗೋಡೆಯಾಚೆ ಅಡಗಿ ಕುಳಿತು ಭಾಷೆ ಕಲಿಯುತ್ತಾನೆ, ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಓದುತ್ತಾನೆ, ಮಾಡಿದವನ ಮುಂದೆ ನಿಂತು ವಕೀಲನ ಹಾಗೆ ವಾದಿಸುತ್ತಾನೆ: ನಾನು ಒಳ್ಳೆಯವನೇ ಆಗಿದ್ದೆ, ದುಃಖ ನನ್ನನ್ನು ಪಿಶಾಚಿ ಮಾಡಿತು.

ಹಿಂದಿನ ಬೆಂಚಿನ ನನ್ನ ಗೆಳೆಯ, ಅಡಕೆ ತೋಟದ ಮನೆಯವನು, ಆಗ ಬಾಯಿಬಿಟ್ಟ. “ಸಾರ್, ಇವ ನಮ್ಮ ಬ್ರಹ್ಮರಾಕ್ಷಸನೇ ಅಲ್ವಾ? ಓದ್ಕೊಂಡ ದೆವ್ವ.”

ಮೇಷ್ಟ್ರು ನಕ್ಕರು. “ಬ್ರಹ್ಮರಾಕ್ಷಸ ಆಗೋದು ಯಾರು ಮಾರಾಯ? ವಿದ್ಯೆ ಕಲಿತು ಅದರ ಋಣ ತೀರಿಸದೇ ಇದ್ದವನು. ಹಾಗಾದ್ರೆ ಇಲ್ಲಿ ಬ್ರಹ್ಮರಾಕ್ಷಸ ಯಾರು ಹೇಳು ನೋಡೋಣ.” ಗೆಳೆಯ ಬಹಳ ಹೊತ್ತು ಯೋಚಿಸಿ, “ವಿಕ್ಟರ್” ಅಂದ. ಡಿಗ್ರಿಯ ಮೂರು ವರ್ಷದಲ್ಲಿ ಅವನು ಕೊಟ್ಟ ಒಂದೇ ಸರಿಯುತ್ತರ ಅದು ಅಂತ ಈಗಲೂ ರೇಗಿಸುತ್ತೇವೆ.

ಈ ಕತ್ತಲು ರಮ್ಯಕಾವ್ಯದ ಪಕ್ಕದ ಸಂದಿ, ಬೇಕಾದವರು ಹೊಕ್ಕು ಬರಬಹುದು ಅಂತ ವಿಮರ್ಶೆಯ ಪುಸ್ತಕಗಳು ಬರೆಯುವುದುಂಟು. ಮೇಷ್ಟ್ರು ಅದನ್ನು ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ವರ್ಡ್ಸ್‌ವರ್ತ್, ಕೋಲ್‌ರಿಜ್ ಇಬ್ಬರೂ ಸೇರಿ ತಂದ 1798ರ ಕವನ ಸಂಕಲನ ‘ಲಿರಿಕಲ್ ಬ್ಯಾಲಡ್ಸ್’ ತೆರೆದರೆ ಮೊದಲ ಪದ್ಯವೇ ಕೋಲ್‌ರಿಜ್‌ನ ಮುದಿ ನಾವಿಕನದು. ಕೊಂದ ಹಕ್ಕಿ ಕೊರಳಲ್ಲಿ ನೇತಾಡುತ್ತದೆ, ಸತ್ತ ಹೆಣಗಳು ಎದ್ದು ಹಡಗಿನ ಹಗ್ಗ ಎಳೆಯುತ್ತವೆ. 1800ರ ಮುದ್ರಣದಲ್ಲಿ ವರ್ಡ್ಸ್‌ವರ್ತ್ ಅದನ್ನು ಹಿಂದಕ್ಕೆ ತಳ್ಳಿದ. ಗೈಡು ಬರೆದವರು ಪೂರ್ತಿ ಹೊರಕ್ಕೆ ತಳ್ಳಿದರು. ನಮ್ಮ ಬಿಎಂಶ್ರೀ ಹಾಗೆ ಮಾಡಲಿಲ್ಲ. ‘ಇಂಗ್ಲಿಷ್ ಗೀತಗಳು’ ಅಂದಕೂಡಲೇ ಎಲ್ಲರೂ ‘ಕರುಣಾಳು ಬಾ ಬೆಳಕೆ’ ಗುನುಗುತ್ತೇವೆ. ನೀರಿಗೆ ಬಿದ್ದು ಸತ್ತ ದಿಕ್ಕಿಲ್ಲದ ಹೆಣ್ಣಿನ ‘ದುಃಖಸೇತು’ ಕೂಡ ಅದೇ ಪುಸ್ತಕದಲ್ಲಿದೆ.

ಪರೀಕ್ಷೆಯಲ್ಲಿ ಬಂದದ್ದು ‘ಪ್ರಕೃತಿ ಕವಿ ವರ್ಡ್ಸ್‌ವರ್ತ್’. ಎರಡೂವರೆ ಪುಟ ಬರೆದು ಬಂದೆ.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆ ಗೆಳೆಯ ಸಿಕ್ಕ. ಕೊಳೆರೋಗ, ಔಷಧಿ ಹೊಡೆಯಲು ಆಳು ಸಿಗದ ಕಷ್ಟ, ಮಗಳ ಮದುವೆ ಎಲ್ಲ ಮುಗಿದ ಮೇಲೆ, ಊಟದ ಎಲೆಯ ಮುಂದೆ ಕುಳಿತು ಕೇಳಿದ: “ಹೌದನಾ, ಆ ಹೆಸರಿಲ್ಲದವ ಕೊನೆಗೆ ಹಡಗಿಂದ ಹಾರಿ ಮಂಜುಗಡ್ಡೆ ಮೇಲೆ ಕತ್ತಲಲ್ಲಿ ತೇಲ್ಕೊಂಡು ಹೋದ ಅಲ್ವಾ. ಸತ್ತನಾ?”

“ಸಾಯ್ತೀನಿ ಅಂತ ಹೇಳಿ ಹೋಗ್ತಾನೆ. ಸತ್ತ ಅಂತ ಪುಸ್ತಕದಲ್ಲಿ ಬರೆದಿಲ್ಲ ಮಾರಾಯ” ಅಂದೆ.

“ಹ್ಞೂಂ” ಅಂದು ಸಾರು ಬಡಿಸುವವನನ್ನು ಕರೆದ.