ಗಿಟಾರ್ ಹಿಂದೆ ಸರಿದಾಗ ಸಿಕ್ಕ ‘ಏಂಜಲ್ ಡಸ್ಟ್’

ಫೇತ್ ನೋ ಮೋರ್ ಎಂಬ ರಾಕ್ ತಂಡದ ‘ಎಪಿಕ್’ 1990ರಲ್ಲಿ ಅಮೆರಿಕದ ಮೊದಲ ಹತ್ತು ಹಾಡುಗಳ ಸಾಲಿಗೆ ಸೇರಿತ್ತು. ರ‍್ಯಾಪ್ ಧಾಟಿಯ ಗಾಯನಕ್ಕೆ ಮೆಟಲ್ ಗಿಟಾರ್ ಜೋಡಿಸಿದ ಅದೇ ಅಚ್ಚಿನ ಇನ್ನೊಂದು ಹಾಡು ಸಿಕ್ಕಿದ್ದರೆ ವಾರ್ನರ್ ಬಳಗದ ರಿಪ್ರೈಸ್ ಕಂಪನಿಗೆ ಬಹುಶಃ ಸಾಕಾಗುತ್ತಿತ್ತು. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಈ ಐವರು 1992ರಲ್ಲಿ ಕೊಟ್ಟದ್ದು ‘ಏಂಜಲ್ ಡಸ್ಟ್’ ಎಂಬ ಆಲ್ಬಮ್.

ಹಲವು ಶೈಲಿಗಳನ್ನು ಬೆರೆಸಿದ್ದೇವೆ ಎನ್ನುವ ಆಲ್ಬಮ್‌ಗಳಲ್ಲಿ ಸಾಮಾನ್ಯವಾಗಿ ಒಂದು ಹಾಡು ಫಂಕ್ ಆಗಿದ್ದರೆ ಮುಂದಿನದು ಮೆಟಲ್ ಆಗಿರುತ್ತದೆ. ಅದು ಬೆರಕೆಯಲ್ಲ, ಬರೀ ಸರದಿ. ಇಲ್ಲಿ ಬೆರಕೆ ನಡೆಯುವುದು ಹಾಡಿನ ಒಳಗೇ. ‘ಮಿಡ್‌ಲೈಫ್ ಕ್ರೈಸಿಸ್’ನ ತಾಳದಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಅವರ ‘ಸಿಸಿಲಿಯಾ’ದ ತುಣುಕು ಕುಟ್ಟುತ್ತಿರುತ್ತದೆ, ಅದರ ಮೇಲೆ ಹಲ್ಲು ಕಚ್ಚಿಕೊಂಡು ಗೊಣಗುವ ಗಾಯಕ ಮೈಕ್ ಪ್ಯಾಟನ್, ಪಲ್ಲವಿ ಬಂದೊಡನೆ ಪದರ ಪದರವಾಗಿ ದನಿ ತೆರೆದು ಹಾಡುತ್ತಾರೆ. ‘ಮಾಲ್‌ಪ್ರ್ಯಾಕ್ಟಿಸ್’ನ ಕಿರುಚಾಟದ ನಡುವೆ ಕ್ರೋನೋಸ್ ಕ್ವಾರ್ಟೆಟ್ ಎಂಬ ತಂತಿವಾದ್ಯ ತಂಡ ನುಡಿಸಿದ, ರಷ್ಯಾದ ಶಾಸ್ತ್ರೀಯ ಸಂಗೀತ ರಚನಕಾರ ಶೊಸ್ತಕೋವಿಚ್‌ರ ಎಂಟನೆಯ ಕ್ವಾರ್ಟೆಟ್‌ನ ಚೂರೊಂದು ತೂರಿಬರುತ್ತದೆ. (‘ಲ್ಯಾಂಡ್ ಆಫ್ ಸನ್‌ಶೈನ್’ನ ಸಾಲುಗಳಲ್ಲಿ ಫಾರ್ಚೂನ್ ಕುಕಿ ಎಂಬ ಬಿಸ್ಕತ್ತಿನೊಳಗೆ ಸಿಗುವ ಭವಿಷ್ಯದ ಚೀಟಿಗಳ ಮಾತುಗಳಿವೆ ಎಂಬುದು ತಿಳಿದ ಮೇಲಂತೂ ಅದರ ನಗು ಇನ್ನಷ್ಟು ಕೆಟ್ಟದಾಗಿ ಕೇಳಿಸುತ್ತದೆ.)

ಇಷ್ಟೆಲ್ಲ ಸೇರಿಯೂ ಹಾಡು ಚದುರದಂತೆ ಹಿಡಿದಿರುವವರು ಬೇಸ್ ನುಡಿಸುವ ಬಿಲ್ಲಿ ಗೌಲ್ಡ್ ಮತ್ತು ಡ್ರಮ್ಸ್‌ನ ಮೈಕ್ ಬೋರ್ಡಿನ್ ಎಂಬುದು ನನ್ನ ಎಣಿಕೆ. ಅವರ ಲಯ ಭದ್ರವಾಗಿರುವುದರಿಂದಲೇ ರಾಡಿ ಬಾಟಮ್‌ರ ಕೀಬೋರ್ಡ್ ಮತ್ತು ಸ್ಯಾಂಪಲ್‌ಗಳು (ಬೇರೆ ಧ್ವನಿಮುದ್ರಣಗಳಿಂದ ಎತ್ತಿದ ತುಣುಕುಗಳು) ಮುಂದೆ ಬಂದು ಗಿಟಾರ್ ಹಿಂದಕ್ಕೆ ಸರಿಯುತ್ತದೆ. ಗಿಟಾರ್ ವಾದಕ ಜಿಮ್ ಮಾರ್ಟಿನ್‌ಗೆ ಈ ದಿಕ್ಕು ಹಿಡಿಸಲಿಲ್ಲ; 1993ರಲ್ಲಿ ಅವರನ್ನು ತಂಡದಿಂದ ಕೈಬಿಡಲಾಯಿತು. ವಿಚಿತ್ರವೆಂದರೆ, ಚರ್ಚಿನ ಆರ್ಗನ್‌ನಂಥ ನಾದದಲ್ಲಿ ಮುಗಿಯುವ, ಆಲ್ಬಮ್‌ನ ಅತಿ ಭೀಕರ ಹಾಡು ‘ಜಿಜ್‌ಲಾಬರ್’ನ ಸಂಗೀತ ಅವರದೇ.

ಅಮೆರಿಕದಲ್ಲಿ ಆಲ್ಬಮ್ ಹತ್ತನೆಯ ಸ್ಥಾನ ತಲುಪಿದರೂ ‘ಎಪಿಕ್’ ಇದ್ದ ಹಿಂದಿನ ಆಲ್ಬಮ್‌ನಷ್ಟು ಮಾರಾಟವಾಗಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ ಎರಡನೆಯ ಸ್ಥಾನಕ್ಕೇರಿತು. ಮುಂದಿನ ಆಲ್ಬಮ್, 1995ರ ‘ಕಿಂಗ್ ಫಾರ್ ಎ ಡೇ’ಯಲ್ಲಿ ಮಾರ್ಟಿನ್ ಜಾಗಕ್ಕೆ ಬಂದ ಟ್ರೇ ಸ್ಪ್ರುಯನ್ಸ್‌ರ ಗಿಟಾರ್ ಮತ್ತೆ ಮುಂದೆ ಬಂದು ಕೀಬೋರ್ಡ್ ತೆಳುವಾಯಿತು. ಅಲ್ಲಿ ಒಂದು ಹಾಡು ಜಾಝ್, ಇನ್ನೊಂದು ಬ್ರೆಜಿಲ್‌ನ ಬೋಸಾನೋವಾ, ಮತ್ತೊಂದು ಬರೀ ಅಬ್ಬರ. ಒಂದೊಂದೂ ಚೆನ್ನಾಗಿಯೇ ಇದೆ, ಆದರೆ ಸರದಿ ಮತ್ತೆ ಶುರುವಾಗಿದೆ.